ಎರಡು ಗಂಟೆಗೊಮ್ಮೆ ಮಗ್ಗುಲು

ಅಮ್ಮನ ಬೆನ್ನುಮೂಳೆ ಮುಗಿಯುವ ಕಡೆ ಎಂಟಾಣೆ ಅಗಲದ ಕೆಂಪು ಕಂಡದ್ದು ಆಸ್ಪತ್ರೆ ಸೇರಿದ ಐದನೇ ದಿನ. ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿತ್ತು. ತಾನಾಗಿ ಹೊರಳುವುದು ಆಗುತ್ತಿರಲಿಲ್ಲ. ನೈಟ್ ಡ್ಯೂಟಿಯ ಸಿಸ್ಟರ್ ಬಂದು ಆ ಕೆಂಪಿನ ಮೇಲೆ ಬೆರಳಿಟ್ಟು ಒತ್ತಿದರು. ಒತ್ತಿದ ಜಾಗ ಬಿಳುಚಿಕೊಂಡು, ಬೆರಳು ತೆಗೆದ ಮೇಲೆ ಮತ್ತೆ ಕೆಂಪೇರಿದರೆ ಅಲ್ಲಿ ರಕ್ತ ಓಡಾಡುತ್ತಿದೆ ಎಂದು ಲೆಕ್ಕ. ಅಮ್ಮನದು ಬಿಳುಚಲೇ ಇಲ್ಲ. ‘ಬೆಡ್‌ಸೋರ್ ಶುರು ಆಗೇತ್ರಿ ಅಣ್ಣಾರ’ ಎಂದರು ಸಿಸ್ಟರ್, ಬಾಗಲಕೋಟೆ ಕಡೆಯ ಮಾತಿನಲ್ಲಿ, ದನಿ ಇಳಿಸಿ.

ನನಗೆ ನೆತ್ತಿಗೇರಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಕೇಸ್ ಶೀಟಿನಲ್ಲಿ ಬರೆದೇ ಇತ್ತು. ಬರೆದದ್ದನ್ನು ಮಾಡದವರನ್ನು ಏನೆನ್ನಬೇಕು? ದೂರು ಕೊಡುವುದೆಂದು ನಿಶ್ಚಯಿಸಿ, ಪುರಾವೆ ಇರಲಿ ಅಂತ ಒಂದು ನೋಟ್‌ಬುಕ್ ತೆಗೆದುಕೊಂಡು ಅಂದು ರಾತ್ರಿಯೆಲ್ಲ ಎದ್ದು ಕೂತೆ. ಯಾರು ಎಷ್ಟು ಹೊತ್ತಿಗೆ ಬಂದರು, ಏನು ಮಾಡಿದರು, ಎಲ್ಲ ಬರೆಯುವುದು. ಆಸ್ಪತ್ರೆ ಯಾವುದು ಎಂದು ಹೇಳುವುದಿಲ್ಲ. ಹೇಳಿದರೂ ಓದುಗರಿಗೆ ಹೊಸತೇನೂ ತಿಳಿಯದು, ಅಂಥವು ನಮ್ಮಲ್ಲಿ ಹೇರಳ.

40 ಹಾಸಿಗೆಯ ವಾರ್ಡು. ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗೆ ಇಬ್ಬರು ಸಿಸ್ಟರ್. ಆಯಾ ಒಬ್ಬಳು, ಅವಳನ್ನು ಪಕ್ಕದ ವಾರ್ಡಿನೊಂದಿಗೆ ಹಂಚಿಕೊಳ್ಳಬೇಕು. ಹತ್ತು ಗಂಟೆಯ ಇಂಜೆಕ್ಷನ್ ಮುಗಿಯುವಾಗ ಹನ್ನೊಂದೂವರೆ. ನಡುವೆ ಹೊಸ ಕೇಸೊಂದು ಬಂತು. ಅದಕ್ಕೆ ಕ್ಯಾನುಲಾ ಹಾಕಲು ನರ ಸಿಗಲಿಲ್ಲ, ಮೂರನೇ ಸಲ ಸಿಕ್ಕಿತು. ರಕ್ತ ತರಲು ಯಾರೂ ಇಲ್ಲದೆ ಒಬ್ಬ ಸಿಸ್ಟರೇ ಬ್ಲಡ್ ಬ್ಯಾಂಕಿಗೆ ಹೋದರು. 26 ನಿಮಿಷ, ನಾನೇ ಬರೆದಿಟ್ಟಿದ್ದೇನೆ. ಅಷ್ಟೂ ಹೊತ್ತು ವಾರ್ಡಿನಲ್ಲಿ ಒಬ್ಬರೇ. ಆ 26 ನಿಮಿಷದಲ್ಲಿ ‘ಸಿಸ್ಟರ್, ಡ್ರಿಪ್ ಮುಗೀತು’ ಎಂಬ ಕೂಗು ಐದು ಸಲ ಕೇಳಿತು. ಆ ಐದರಲ್ಲಿ ಒಂದು ನನ್ನದು.

ಎರಡು ಗಂಟೆ ಸುಮಾರಿಗೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗುಣಾಕಾರ ಭಾಗಾಕಾರ ಶುರು ಮಾಡಿದೆ. ಹನ್ನೆರಡು ಗಂಟೆ ಅಂದರೆ 720 ನಿಮಿಷ. ಇಬ್ಬರಿಗೆ 1,440. 40 ಜನಕ್ಕೆ ಹಂಚಿದರೆ ಒಬ್ಬ ರೋಗಿಗೆ ಇಡೀ ರಾತ್ರಿಗೆ 36 ನಿಮಿಷ. ಔಷಧ, ಬಿಪಿ, ಜ್ವರ ನೋಡುವುದು, ಡ್ರಿಪ್ಪು, ಚಾರ್ಟು, ಹೊಸ ಕೇಸು, ಸಿಸ್ಟರುಗಳ ಊಟ, ಬಾತ್‌ರೂಮು ಎಲ್ಲವೂ ಅದರಲ್ಲೇ ಆಗಬೇಕು. ಇನ್ನು ಮಗ್ಗುಲು. ಹೊರಳಲಾರದವರು ಆ ವಾರ್ಡಿನಲ್ಲಿ ಐವರಿದ್ದರು. ಎರಡು ಗಂಟೆಗೊಮ್ಮೆ ಎಂದರೆ ಒಬ್ಬೊಬ್ಬರಿಗೆ ಆರು ಸಲ, ಒಟ್ಟು ಮೂವತ್ತು. ಚರ್ಮ ಹಾಸಿಗೆಗೆ ಉಜ್ಜದಂತೆ ಎತ್ತಿ ಹೊರಳಿಸಲು ಇಬ್ಬರು ಬೇಕು, ಐದು ನಿಮಿಷವಾದರೂ ಬೇಕು. ಇಬ್ಬರ ಸಮಯ ಸೇರಿ ಮುನ್ನೂರು ನಿಮಿಷ. ರಾತ್ರಿಯ ಐದರಲ್ಲೊಂದು ಪಾಲು ಐದು ಜನರ ಬೆನ್ನಿಗೇ ಹೋಗುತ್ತದೆ, ಉಳಿದ ಮೂವತ್ತೈದು ಜನ ಸುಮ್ಮನೆ ಮಲಗಿದ್ದರೆ ಮಾತ್ರ.

ಮಗ್ಗುಲು ಬದಲಿಸದಿದ್ದುದು ಸೋಮಾರಿತನವಲ್ಲ. ಆ ರಾತ್ರಿಯ 1,440 ನಿಮಿಷದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ನರ್ಸುಗಳ ಬಗ್ಗೆ ನಾವು ಮಾತಾಡುವುದು ಯಾವಾಗಲೂ ಅವರ ಗುಣದ ಮೇಲೆ. ‘ಆ ಸಿಸ್ಟರ್ ದೇವತೆ’, ‘ಈ ಸಿಸ್ಟರ್ ಸಿಡುಕಿ’. ಮೇ 12ರಂದು ದಾದಿಯರ ದಿನಾಚರಣೆಯಲ್ಲಿ ಮೇಣದಬತ್ತಿ ಹಚ್ಚಿ, ಪ್ರತಿಜ್ಞೆ ಬೋಧಿಸಿ, ಸೇವಾ ಮನೋಭಾವ ಬೆಳೆಸಿಕೊಳ್ಳಿ ಎಂದು ಗಣ್ಯರು ಹೇಳಿ ಹೋಗುತ್ತಾರೆ. ಸೇವಾ ಮನೋಭಾವ ಬೇಡವೆಂದಲ್ಲ. ಆದರೆ ಅದೇ ಸಿಸ್ಟರು ನಾಲ್ಕು ರೋಗಿಗಳ ವಾರ್ಡಿನಲ್ಲಿ ದೇವತೆಯಾಗಿ, ಇಪ್ಪತ್ತು ರೋಗಿಗಳ ವಾರ್ಡಿನಲ್ಲಿ ಸಿಡುಕಿಯಾಗಬಲ್ಲಳು. ಬದಲಾದದ್ದು ಅವಳ ಮನಸ್ಸಲ್ಲ, ಸುತ್ತಲಿನ ವಾರ್ಡು.

ಇದನ್ನು ಅಳೆದು ತೋರಿಸಿದವರಲ್ಲಿ ಮುಖ್ಯರು ಅಮೆರಿಕದ ಲಿಂಡಾ ಏಕೆನ್. ಸ್ವತಃ ನರ್ಸಾಗಿದ್ದವರು. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ ಎರಡು ಲಕ್ಷಕ್ಕೂ ಹೆಚ್ಚು ರೋಗಿಗಳ ಲೆಕ್ಕ ತೆಗೆದು 2002ರಲ್ಲಿ ಅವರ ತಂಡ ಪ್ರಕಟಿಸಿದ ಫಲಿತಾಂಶ ಇದು: ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಆ ರೋಗಿಗಳು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತದೆ. ನರ್ಸು ಬಳಲಿ ಬತ್ತಿಹೋಗುವ ಸಂಭವ ಶೇ 23ರಷ್ಟು. ಹನ್ನೆರಡು ವರ್ಷದ ನಂತರ ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ನೋಡಿದಾಗಲೂ ಅದೇ ಶೇ 7 ಬಂತು. ಜೊತೆಗೆ, ಪದವಿ ಓದಿದ ನರ್ಸುಗಳ ಪಾಲು ಶೇ 10ರಷ್ಟು ಹೆಚ್ಚಿದ್ದ ಕಡೆ ಸಾವಿನ ಸಂಭವ ಶೇ 7ರಷ್ಟು ಕಡಿಮೆ ಇತ್ತು. ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಎಂಬುದನ್ನು ಕ್ಯಾಲಿಫೋರ್ನಿಯಾ 2004ರಿಂದಲೇ ಕಾನೂನು ಮಾಡಿ ಜಾರಿಗೆ ತಂದಿದೆ. ಅಲ್ಲಿ ಸಾಮಾನ್ಯ ವಾರ್ಡಿನಲ್ಲಿ ಒಬ್ಬರಿಗೆ ಐದಕ್ಕಿಂತ ಹೆಚ್ಚು ರೋಗಿಗಳನ್ನು ಕೊಡುವಂತಿಲ್ಲ.

ನಮ್ಮಲ್ಲೂ ಅಂಕಿಯಿದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದ ಪ್ರಕಾರ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬರು, ಇತರ ಕಡೆ 5ಕ್ಕೆ ಒಬ್ಬರು, ಐಸಿಯುನಲ್ಲಿ ಒಬ್ಬರಿಗೊಬ್ಬರು. ರಜೆ ಹಾಕುವವರ ಬದಲಿಗೆ ಶೇ 30 ಮೀಸಲು ಬೇರೆ. ಆ ಲೆಕ್ಕದಲ್ಲಿ ಅಮ್ಮನ ವಾರ್ಡಿಗೆ ಇನ್ನೂ ಹೆಚ್ಚು ಜನ ಬೇಕಿತ್ತು. ಇದ್ದದ್ದು ಇಬ್ಬರು. ಹಾಗಾದರೆ ಉಳಿದವರ ಕೆಲಸ ಯಾರು ಮಾಡುತ್ತಿದ್ದರು?

ನಾವು ಮಾಡುತ್ತಿದ್ದೆವು. ಪ್ರತಿ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದ ‘ಅಟೆಂಡರ್’ಗಳು: ಸೊಸೆ, ಮಗಳು, ಅಕ್ಕ, ಅಪರೂಪಕ್ಕೆ ನನ್ನಂಥ ಮಗ. ಉಣಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು, ಎಕ್ಸ್‌ರೇಗೆ ತಳ್ಳಿಕೊಂಡು ಹೋಗುವುದು, ಡ್ರಿಪ್ ಮುಗಿಯಿತೆಂದು ಕೂಗುವುದು. ಯಾವ ಹಾಜರಿ ಪುಸ್ತಕದಲ್ಲೂ ಹೆಸರಿಲ್ಲದ, ಯಾರೂ ತರಬೇತಿ ಕೊಡದ ಸಿಬ್ಬಂದಿ. ನಮ್ಮ ಆಸ್ಪತ್ರೆಗಳು ನಿಂತಿರುವುದು ಇವರ ಮೇಲೆ ಎಂದರೆ ತಪ್ಪಾಗದು. ಹಾಗಾಗಿಯೇ ಯಾರೂ ಇಲ್ಲದೆ ಬಂದ ರೋಗಿಯ ಬೆನ್ನು ಮೊದಲು ಹುಣ್ಣಾಗುತ್ತದೆ.

ಸಮಯ ಸಾಲದಾದಾಗ ನರ್ಸು ಯಾವುದನ್ನು ಬಿಡುತ್ತಾಳೆ? ಮಿಷಿಗನ್ ವಿಶ್ವವಿದ್ಯಾಲಯದ ಬಿಯಾಟ್ರಿಸ್ ಕಾಲಿಶ್ 2006ರಲ್ಲಿ ನರ್ಸುಗಳನ್ನೇ ಕೂರಿಸಿಕೊಂಡು ಕೇಳಿದರು. ಬಿಟ್ಟುಹೋಗುವ ಕೆಲಸಗಳೆಂದು ಅವರು ಹೇಳಿದ್ದು: ರೋಗಿಯನ್ನು ನಡೆಸುವುದು, ಮಗ್ಗುಲು ಬದಲಿಸುವುದು, ಹೊತ್ತಿಗೆ ಸರಿಯಾಗಿ ಉಣಿಸುವುದು, ಮೈ ಶುಚಿ, ಮನೆಗೆ ಹೋದ ಮೇಲೆ ಏನು ಮಾಡಬೇಕೆಂದು ತಿಳಿಹೇಳುವುದು, ಧೈರ್ಯ ತುಂಬುವ ಮಾತು. ಇಂಜೆಕ್ಷನ್ ತಪ್ಪಿದರೆ ಚಾರ್ಟಿನಲ್ಲಿ ಖಾಲಿ ಮನೆ ಎದ್ದು ಕಾಣುತ್ತದೆ, ನಾಳೆ ರೌಂಡ್ಸಿನಲ್ಲಿ ಕೇಳುತ್ತಾರೆ. ಆಡದ ಮಾತಿಗೆ ಯಾವ ಚಾರ್ಟಿದೆ? ಹೀಗೆ ಬಿಟ್ಟುಬಿಡುವುದು ನರ್ಸಿಗೂ ಸುಖವಲ್ಲ. ಸರಿ ಯಾವುದೆಂದು ಗೊತ್ತಿದ್ದೂ ಮಾಡಲಾಗದ ಸಂಕಟಕ್ಕೆ ದಾರ್ಶನಿಕ ಆಂಡ್ರ್ಯೂ ಜೇಮ್‌ಟನ್ 1984ರಲ್ಲಿ ‘ನೈತಿಕ ಯಾತನೆ’ ಎಂಬ ಅರ್ಥದ ಹೆಸರಿಟ್ಟದ್ದು ನರ್ಸುಗಳನ್ನು ನೋಡಿಯೇ. ನಮ್ಮ ಸಿಸ್ಟರ್ ದನಿ ಇಳಿಸಿದ್ದು ಯಾಕೆಂದು ನನಗೆ ಆಮೇಲೆ ಅರ್ಥವಾಯಿತು.

ದೀಪ ಹಿಡಿದ ಮಹಿಳೆ ಎಂದು ನಾವು ಪಾಠದಲ್ಲಿ ಓದಿದ ಫ್ಲಾರೆನ್ಸ್ ನೈಟಿಂಗೇಲ್ ನಿಜಕ್ಕೂ ಲೆಕ್ಕದ ಹೆಂಗಸು. ಕ್ರಿಮಿಯಾ ಯುದ್ಧಕ್ಕೆ ಹೋಗುವ ಮುಂಚೆ, 1853ರಲ್ಲಿ, ಲಂಡನ್ನಿನ ಹಾರ್ಲೆ ಬೀದಿಯ ಸಣ್ಣ ಆಸ್ಪತ್ರೆಯೊಂದರ ಮೇಲ್ವಿಚಾರಣೆ ವಹಿಸಿಕೊಂಡಾಗ ಆಕೆ ಆಡಳಿತ ಮಂಡಳಿಯ ಮುಂದಿಟ್ಟ ಬೇಡಿಕೆ ಒಳ್ಳೆಯ ಮನಸ್ಸಿನ ದಾದಿಯರಷ್ಟೇ ಅಲ್ಲ. ಬಿಸಿನೀರು ಪ್ರತಿ ಮಹಡಿಗೂ ಕೊಳವೆಯಲ್ಲಿ ಬರಬೇಕು, ರೋಗಿಗಳ ಊಟ ಮೇಲೇರಲು ರಾಟೆ ಹಾಕಿದ ಪೆಟ್ಟಿಗೆ ಬೇಕು, ಗಂಟೆ ಬಾರಿಸಿದ ರೋಗಿ ಯಾರೆಂದು ನಿಂತಲ್ಲೇ ತಿಳಿಯಬೇಕು. ಇಲ್ಲದಿದ್ದರೆ ದಾದಿ ಮೆಟ್ಟಿಲು ಹತ್ತಿಳಿಯುವ ಎರಡು ಕಾಲು ಅಷ್ಟೇ ಆಗಿಬಿಡುತ್ತಾಳೆ ಎಂಬುದು ಆಕೆಯ ವಾದ. ದೀಪ ನಮಗೆ ನೆನಪುಳಿಯಿತು, ರಾಟೆ ಮರೆತುಹೋಯಿತು.

ಇವತ್ತು ಮೆಟ್ಟಿಲಿನ ಜಾಗಕ್ಕೆ ಬಂದಿರುವುದು ಕಾಗದ. ಸ್ಟೋರಿಗೆ ಇಂಡೆಂಟ್, ಲಿನನ್ ಎಣಿಕೆ, ಯೋಜನೆಯ ಫಾರಂ, ಕಂಪ್ಯೂಟರ್ ಎಂಟ್ರಿ, ಕೆಟ್ಟ ಬಿಪಿ ಮೆಷಿನ್ನಿನ ಬಗ್ಗೆ ಮೂರನೇ ಪತ್ರ. ಓದಿದ್ದು ಶುಶ್ರೂಷೆ, ಮಾಡುವುದು ಅರ್ಧ ಗುಮಾಸ್ತಿಕೆ. ಸರ್ಕಾರಿ ಕಡತದಲ್ಲಿ ಈಗ ‘ಶುಶ್ರೂಷಾಧಿಕಾರಿ’ ಎಂಬ ಗೌರವದ ಹೆಸರು ಬಂದಿದೆ, ಒಳ್ಳೆಯದೇ. ಆದರೆ ರಾತ್ರಿ ಒಂದೂವರೆಗೆ ರಕ್ತದ ಚೀಲ ಹಿಡಿದು ಓಡುವ ಅಧಿಕಾರಿ ಬೇರೆ ಯಾವ ಇಲಾಖೆಯಲ್ಲಿದ್ದಾರೆ?

ಇನ್ನು ‘ಸಿಸ್ಟರ್’ ಎಂಬ ಆ ರಾತ್ರಿಯ ಕೂಗುಗಳು. ಸಿಸ್ಟರ್ ಅಮ್ಮನ ಡ್ರಿಪ್ಪಿನ ಹನಿ ಎಣಿಸುತ್ತಿದ್ದುದನ್ನು ಹತ್ತಿರದಿಂದ ನೋಡಿದೆ. 500 ಎಂಎಲ್ ಬಾಟಲಿ ಎಂಟು ಗಂಟೆ ಓಡಬೇಕು. 20 ಹನಿಗೆ 1 ಎಂಎಲ್, ಅಂದರೆ ನಿಮಿಷಕ್ಕೆ 21 ಹನಿ. ಒಂದು ಕಣ್ಣು ಕೈಗಡಿಯಾರದ ಮುಳ್ಳಿನ ಮೇಲೆ, ಒಂದು ಕಣ್ಣು ಹನಿಯ ಮೇಲೆ, ಹೆಬ್ಬೆರಳು ಗಾಲಿಯ ಮೇಲೆ. ಹದಿಮೂರಕ್ಕೆ ಬಂದಾಗ ಯಾರೋ ಕರೆದರು. ಮತ್ತೆ ಒಂದರಿಂದ. ಏಳಕ್ಕೆ ಇನ್ನೊಬ್ಬರು. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ ಔಷಧ ಕೊಡುವ ನರ್ಸುಗಳನ್ನು ಹೀಗೇ ಪಕ್ಕದಲ್ಲಿ ನಿಂತು ಗಮನಿಸಿ, ಜೊಹಾನಾ ವೆಸ್ಟ್‌ಬ್ರುಕ್ ತಂಡ 2010ರಲ್ಲಿ ವರದಿ ಮಾಡಿತು: ಒಂದೊಂದು ಅಡ್ಡಿಗೂ ಔಷಧದ ತಪ್ಪು ಸುಮಾರು ಶೇ 12ರಷ್ಟು ಹೆಚ್ಚುತ್ತದೆ. ಟ್ರೇ ಹಿಡಿದ ಸಿಸ್ಟರನ್ನು ಮಾತಾಡಿಸಬಾರದು ಎಂಬ ಬೋರ್ಡು ನಮ್ಮ ವಾರ್ಡುಗಳಲ್ಲಿ ನಾನು ಕಂಡಿಲ್ಲ. ಚಪ್ಪಲಿ ಹೊರಗೆ ಬಿಡಿ ಎಂಬುದು ಮಾತ್ರ ಎಲ್ಲೆಡೆ ಇದೆ.

ನಿದ್ದೆಯ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ನಸುಕಿನ ಮೂರರಿಂದ ಐದರವರೆಗೆ ಮನುಷ್ಯನ ಮೈ ಮಲಗಲು ಎಳೆಯುತ್ತದೆ. ಹನ್ನೆರಡೂವರೆ ಗಂಟೆ ಮೀರಿದ ಪಾಳಿಯಲ್ಲಿ ತಪ್ಪಿನ ಸಂಭವ ಮೂರು ಪಟ್ಟು ಎಂದು ಅಮೆರಿಕದ ಆ್ಯನ್ ರೋಜರ್ಸ್ 2004ರಲ್ಲಿ ತೋರಿಸಿದ್ದಾರೆ. ನಮ್ಮ ಹನ್ನೆರಡು ಗಂಟೆಯ ನೈಟು, ಬದಲಿಯವರು ಬರುವುದು ತಡವಾದರೆ ಅಷ್ಟಕ್ಕೆ ಮುಟ್ಟಲು ಅರ್ಧ ಗಂಟೆ ಸಾಕು. ಮನೆಗೆ ಹೋಗಿ ಮಲಗುತ್ತಾರೆಯೇ? ಮಗುವಿನ ಟಿಫನ್ ಬಾಕ್ಸು ಕಾಯುತ್ತಿರುತ್ತದೆ.

ಕೆಲಸದ ಗುಣಮಟ್ಟಕ್ಕೂ ಭಾಷೆಗೂ ಇರುವ ನಂಟನ್ನು ಯಾರೂ ಅಷ್ಟಾಗಿ ಗಣಿಸುವುದಿಲ್ಲ. ಅಮ್ಮ ಮೈಸೂರು ಕಡೆಯವಳು. ‘ಸಂಕಟ ಆಗ್ತಿದೆ ಸಿಸ್ಟರಮ್ಮ’ ಎಂದಳು. ಬಾಗಲಕೋಟೆಯ ಸಿಸ್ಟರ್ ಪಕ್ಕದಲ್ಲಿ ಕೂತು ಸಮಾಧಾನ ಹೇಳತೊಡಗಿದರು, ಮನಸ್ಸಿನ ಸಂಕಟವೆಂದುಕೊಂಡು. ಅಮ್ಮ ಹೇಳಿದ್ದು ಹೊಟ್ಟೆ ತೊಳಸುವುದನ್ನು. ಅರ್ಥವಾದದ್ದು ವಾಂತಿಯಾದ ಮೇಲೆ. ಕನ್ನಡ ಕನ್ನಡದ ನಡುವೆಯೇ ಇಷ್ಟಾದರೆ, ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಕೇರಳದಿಂದಲೋ ಈಶಾನ್ಯ ರಾಜ್ಯಗಳಿಂದಲೋ ಬಂದ ಹುಡುಗಿಯ ಪಾಡೇನು? ಉರಿ, ಸೆಳೆತ, ಚಳಕು, ಜೋಮು, ಎದೆ ಹಿಡಿದ ಹಾಗೆ, ಎದೆ ಹತ್ತಿದ ಹಾಗೆ — ಒಂದೊಂದೂ ಬೇರೆ ಬೇರೆ ಕಾಯಿಲೆಯ ದಿಕ್ಕು ತೋರಿಸುವ ಮಾತು. ಎಲ್ಲವೂ ಚಾರ್ಟಿನಲ್ಲಿ ‘ಪೇನ್’ ಆಗಿ ಕೂರುತ್ತವೆ. ಹೆಚ್ಚಿನವರು ಕನ್ನಡ ಕಲಿಯುವುದು ಆಯಾಗಳಿಂದ. ಅದಕ್ಕೊಂದು ಸಂಬಳವೂ ಇಲ್ಲ, ಸರ್ಟಿಫಿಕೇಟೂ ಇಲ್ಲ.

ಹೀಗೆ ಕಲಿತು ಕೈ ಕುದುರುವ ಹೊತ್ತಿಗೆ ಆಕೆ ಹೊರಟುಹೋಗಿರುತ್ತಾಳೆ. ಹೊಸಬಳೊಬ್ಬಳು ಪಳಗಿದ ನರ್ಸಾಗುವ ಹಾದಿಯನ್ನು ಐದು ಹಂತಗಳಲ್ಲಿ ವಿವರಿಸಿದವರು ಪೆಟ್ರೀಷಿಯಾ ಬೆನ್ನರ್, 1984ರಲ್ಲಿ. ಒಂದೇ ಬಗೆಯ ವಾರ್ಡಿನಲ್ಲಿ ಎರಡು ಮೂರು ವರ್ಷ ದುಡಿದ ಮೇಲೆ ಸಿಗುವುದು ಬರೀ ನಡುವಿನ ಹಂತ. ಬಿಪಿ, ನಾಡಿ ಎಲ್ಲ ಸರಿಯಿದ್ದೂ ‘ಈ ರೋಗಿ ಯಾಕೋ ಸರಿಯಿಲ್ಲ’ ಎಂದು ಡಾಕ್ಟರಿಗೆ ಫೋನ್ ಮಾಡುವ ಕಣ್ಣು ಬರಲು ಇನ್ನೂ ವರ್ಷಗಳು ಬೇಕು. ನಮ್ಮ ಖಾಸಗಿ ಆಸ್ಪತ್ರೆಗಳಲ್ಲಿ ಎರಡು ವರ್ಷವೆಂದರೆ ಗಲ್ಫಿಗೋ ಜರ್ಮನಿಗೋ ಬೇಕಾದ ಅನುಭವ ಪತ್ರ ಕೈಗೆ ಬರುವ ಕಾಲ. ಅವರನ್ನು ಆಡಿಕೊಳ್ಳುವಂತಿಲ್ಲ. ನರ್ಸುಗಳ ಸಂಘ ಸುಪ್ರೀಂ ಕೋರ್ಟಿಗೆ ಹೋಗಿ, 2016ರಲ್ಲಿ ಕೇಂದ್ರದ ಸಮಿತಿ ಕೂತು, 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆ ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಲಿ, 50ಕ್ಕಿಂತ ಕಡಿಮೆಯಿದ್ದರೂ ತಿಂಗಳಿಗೆ 20,000ಕ್ಕೆ ಕಡಿಮೆ ಬೇಡ ಎಂದು ಶಿಫಾರಸು ಮಾಡಿತು. ಪರಿಚಯದ ಯಾವುದಾದರೂ ನರ್ಸಿಂಗ್ ಹೋಮಿನ ಸಿಸ್ಟರಿಗೆ ಅದು ಸಿಗುತ್ತಿದೆಯೇ ಕೇಳಿ ನೋಡಿ. ಸರ್ಕಾರಿ ಆಸ್ಪತ್ರೆಯಲ್ಲೂ ಒಂದೇ ವಾರ್ಡಿನಲ್ಲಿ ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬರು ಕಾಯಂ, ಇನ್ನೊಬ್ಬರು ಗುತ್ತಿಗೆ. ಅಂಥ ಜೋಡಿಯ ನಡುವಿನ ಮೌನವನ್ನು ಯಾವ ತರಬೇತಿಯೂ ತುಂಬದು.

ಮೌನದಲ್ಲಿ ಇನ್ನೊಂದು ಬಗೆಯದೂ ಇದೆ. ಡೋಸು ಹೆಚ್ಚಾಯಿತೆನಿಸಿದಾಗ ‘ಸರ್, ಇದನ್ನ ಒಂದ್ಸಲ ನೋಡ್ತೀರಾ’ ಎನ್ನಲು ಸಿಸ್ಟರಿಗೆ ಬಾಯಿ ಬರಬೇಕು. ಬಂದರೆ ಬೈಗುಳವೋ, ಧನ್ಯವಾದವೋ? ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ವಾರ್ಡುಗಳನ್ನು ಹೋಲಿಸಹೊರಟಾಗ ಚಕಿತರಾದರು. ಒಳ್ಳೆಯ ತಂಡವಿದ್ದ ವಾರ್ಡಿನಲ್ಲೇ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿ ಹೆಚ್ಚಿದ್ದದ್ದು ತಪ್ಪಲ್ಲ, ತಪ್ಪನ್ನು ಹೇಳಿಕೊಳ್ಳುವ ಧೈರ್ಯ ಎಂದು ಆಮೇಲೆ ಹೊಳೆಯಿತು. ಮಿಷಿಗನ್ನಿನ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಡಾಕ್ಟರ್ ಪೀಟರ್ ಪ್ರೊನೊವೋಸ್ಟ್ ಐದೇ ಅಂಶಗಳ ಪಟ್ಟಿ ಕೊಟ್ಟು ರಕ್ತನಾಳದ ಕೊಳವೆಯಿಂದ ಹಬ್ಬುವ ಸೋಂಕನ್ನು ಮೂರನೇ ಒಂದಕ್ಕೆ ಇಳಿಸಿದ ಕಥೆ ಪ್ರಸಿದ್ಧ. ಅದರಲ್ಲಿ ಪಟ್ಟಿಗಿಂತ ಮುಖ್ಯವಾದದ್ದು, ಒಂದು ಹೆಜ್ಜೆ ತಪ್ಪಿದರೂ ಡಾಕ್ಟರನ್ನು ತಡೆದು ನಿಲ್ಲಿಸುವ ಅಧಿಕಾರವನ್ನು ನರ್ಸಿಗೆ ಕೊಟ್ಟದ್ದು. ಪಟ್ಟಿಯನ್ನು ನಮ್ಮಲ್ಲೂ ಗೋಡೆಗೆ ಅಂಟಿಸಿದ್ದಾರೆ.

ಹಾಗಾದರೆ ಎಲ್ಲವೂ ಲೆಕ್ಕವೇ, ಮನಸ್ಸಿಗೇನೂ ಬೆಲೆಯಿಲ್ಲವೇ ಎಂದು ಯಾರಾದರೂ ಕೇಳಿದರೆ ನನಗೆ ಹಳದೀಪುರದ ಅರುಣಾ ಶಾನಭಾಗ್ ನೆನಪಾಗುತ್ತಾರೆ. ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. 1973ರ ನವೆಂಬರ್ 27ರಂದು, ಡ್ಯೂಟಿ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುವಾಗ ಆಸ್ಪತ್ರೆಯ ಕೆಲಸದವನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಎರಗಿದ. ಮೆದುಳಿಗೆ ಉಸಿರು ಸಿಗದೆ ಹೋಯಿತು. ಅಂದಿನಿಂದ 2015ರ ಮೇ 18ರವರೆಗೆ, ಹತ್ತಿರಹತ್ತಿರ 42 ವರ್ಷ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ. ಅಷ್ಟೂ ವರ್ಷ ನೋಡಿಕೊಂಡದ್ದು ಅಲ್ಲಿನ ನರ್ಸುಗಳು. ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿಗೆ ಬಂದಾಗ, 2011ರಲ್ಲಿ, ನ್ಯಾಯಪೀಠ ಅಚ್ಚರಿಯಿಂದ ಗುರುತಿಸಿದ ಸಂಗತಿ: ಆಕೆಯ ಮೈಮೇಲೆ ಬೆಡ್‌ಸೋರ್ ಇರಲಿಲ್ಲ.

ಮುಂಬೈ ಪಾಲಿಕೆಯ ಆ ಆಸ್ಪತ್ರೆಯಲ್ಲೇನು ಜನಸಂದಣಿ ಕಡಿಮೆಯಿತ್ತೇ? ಇಲ್ಲ. ಆದರೂ ಅದು ಒಬ್ಬಿಬ್ಬರ ಕರುಣೆಯಿಂದಷ್ಟೇ ಆದದ್ದಲ್ಲ. ಹೊಸ ಬ್ಯಾಚು ಬಂದಾಗಲೆಲ್ಲ ವಿದ್ಯಾರ್ಥಿನಿಯರನ್ನು ಅರುಣಾ ಬಳಿ ಕರೆದೊಯ್ದು, ಇವಳು ನಮ್ಮವಳು ಎಂದು ಪರಿಚಯಿಸುತ್ತಿದ್ದರು. ಪಾಳಿಯಿಂದ ಪಾಳಿಗೆ, ಬ್ಯಾಚಿನಿಂದ ಬ್ಯಾಚಿಗೆ ಆ ಕೆಲಸ ಕೈದಾಟಿತು. ಆಕೆಯನ್ನು ಬೇರೆಡೆ ಸಾಗಿಸಲು ಪಾಲಿಕೆ ಹೊರಟಾಗ ಪ್ರತಿಭಟಿಸಿ ತಡೆದರು. ಅಲ್ಲಿ ಮನಸ್ಸೇ ಒಂದು ವ್ಯವಸ್ಥೆಯಾಗಿತ್ತು. ಇನ್ನೊಂದು ಮಾತು: ಹಲ್ಲೆಯಾದ ಕೂಡಲೇ ಮುಂಬೈಯ ನರ್ಸುಗಳು ಮುಷ್ಕರ ಹೂಡಿ ಕೇಳಿದ್ದರಲ್ಲಿ ತಮ್ಮ ಕೆಲಸದ ಪರಿಸ್ಥಿತಿ ಸುಧಾರಿಸಲಿ ಎಂಬುದೂ ಇತ್ತು. ಯಾವುದೇ ಆಸ್ಪತ್ರೆಗೆ ಹೋದಾಗ, ಸ್ಟಾಫಿನ ಹೆಣ್ಣುಮಕ್ಕಳು ಬಟ್ಟೆ ಬದಲಿಸುವ ಕೋಣೆ ಎಲ್ಲಿದೆ, ಅದಕ್ಕೆ ಒಳಗಿನಿಂದ ಚಿಲಕ ಇದೆಯೇ ಎಂದು ನೋಡುವ ಚಟ ನನಗೆ ಅಂಟಿಕೊಂಡಿದೆ. ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯುವ ಕಾಯ್ದೆ 2009ರಿಂದ ಇದೆ. ಚಿಲಕ ಎಲ್ಲ ಕಡೆ ಇಲ್ಲ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಆ ರಾತ್ರಿ ಮೂರು ಗಂಟೆಗೆ ಸಿಸ್ಟರ್ ಬಂದರು. ಹಳೇ ಬೆಡ್‌ಶೀಟೊಂದನ್ನು ನಾಲ್ಕು ಮಡಿಕೆ ಮಾಡಿ ಅಮ್ಮನ ಭುಜದಿಂದ ತೊಡೆಯವರೆಗೆ ಕೆಳಗೆ ತೂರಿಸಿದರು. ‘ಅಣ್ಣಾರ, ನೀವು ಆ ಕಡೆ ಅಂಚು ಹಿಡೀರಿ. ಎಳೀಬ್ಯಾಡ್ರಿ, ಎತ್ರಿ. ಎಳದ್ರ ಚರ್ಮ ಸುಲೀತದ.’ ಎತ್ತಿದೆವು. ಬೆನ್ನಿಗೊಂದು ದಿಂಬು, ಮೊಣಕಾಲ ನಡುವೆ ಒಂದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಒಂದು. ಎರಡನೇ ಸಲಕ್ಕೆ ನನಗೆ ಪಟ್ಟು ಸಿಕ್ಕಿತು. ಪಕ್ಕದ ಹಾಸಿಗೆಯ ಅಜ್ಜನ ಸೊಸೆ ನೋಡುತ್ತ ನಿಂತಿದ್ದಳು. ಬೆಳಗಿನ ಜಾವ ಅವಳೂ ನಾನೂ ಸೇರಿ ಅವಳ ಮಾವನನ್ನು ಹೊರಳಿಸಿದೆವು.

ಬೆಳಿಗ್ಗೆ ಹ್ಯಾಂಡೋವರ್ ಹೊತ್ತಿಗೆ ಸಿಸ್ಟರ್ ನನ್ನ ನೋಟ್‌ಬುಕ್ ಕೇಳಿ ಪಡೆದರು. ಹಿಂದಿನ ಪುಟಗಳಲ್ಲಿದ್ದದ್ದು ಅವರ ಮೇಲಿನ ದೂರು. ಓದಿದರೋ ಇಲ್ಲವೋ ಗೊತ್ತಿಲ್ಲ, ಏನೂ ಅನ್ನಲಿಲ್ಲ. ಖಾಲಿ ಹಾಳೆಯೊಂದನ್ನು ಹರಿದು, ಗೆರೆ ಎಳೆದು ಬರೆದರು: 9 ಬಲ, 11 ಎಡ, 1 ಬಲ, 3 ಎಡ. ಕೆಳಗೆ, ಅಡಿಗೆರೆ ಹಾಕಿ: ಬೆನ್ನ ಮೇಲೆ ಬೇಡ. ಅದನ್ನು ಕೇಸ್ ಶೀಟಿಗೆ ಪಿನ್ ಮಾಡಿ, ಹಗಲು ಪಾಳಿಯ ಸಿಸ್ಟರಿಗೆ ಅಮ್ಮನನ್ನು ತೋರಿಸಿ, ಚಪ್ಪಲಿ ಹುಡುಕುತ್ತ ಹೊರಟರು. ಗಡಿಯಾರದಲ್ಲಿ ಎಂಟು ಮುಕ್ಕಾಲು.